ಡೇವಿ ಜೋನ್ಸ್‌ನ ಲಾಕರ್ ಮತ್ತು ಆಧಾರವಿಲ್ಲದ ಕಥೆಗಳು

ಪ್ರಶ್ನೆ: ಇಂಗ್ಲಿಷ್ ನಾವಿಕರು ಕಡಲತಳವನ್ನು ಡೇವಿ ಜೋನ್ಸ್‌ನ ಲಾಕರ್ ಎಂದು ಕರೆಯುತ್ತಿದ್ದುದೇಕೆ? ಅವನು ನಿಜವಾಗಿ ಬದುಕಿದ್ದ ಕಡಲ್ಗಳ್ಳನೇ? – ಜಯನಗರದ ಓದುಗರು

ಉತ್ತರ: ಬೆಂಗಳೂರಿನಲ್ಲಿ ಅಂತರಕಾಲೇಜು ಕ್ವಿಜ್ ಸ್ಪರ್ಧೆಗಳು ಹತ್ತಿರವಾದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ಕೇಳುವವರಲ್ಲಿ ಹೆಚ್ಚಿನವರು ಹೌದು ಎಂಬ ಉತ್ತರವನ್ನೇ ಬಯಸಿರುತ್ತಾರೆ. ಹಾಗೆನ್ನಲು ನನ್ನಿಂದಾಗದು. ಆ ಹೆಸರಿನ ಕಡಲ್ಗಳ್ಳನಿಂದ ಈ ಮಾತು ಹುಟ್ಟಿತೆನ್ನಲು ಆ ಕಾಲದ ಯಾವ ದಾಖಲೆಯೂ ಆಧಾರವಾಗಿಲ್ಲ.

ಈ ನುಡಿಗಟ್ಟು ಅಚ್ಚಿನಲ್ಲಿ ಮೊದಲು ಸಿಗುವುದು 1726ರಲ್ಲಿ, ಕ್ಯಾಪ್ಟನ್ ಜಾರ್ಜ್ ರಾಬರ್ಟ್ಸ್ ಹೆಸರಿನ ಸಮುದ್ರಯಾನದ ಕಥನದಲ್ಲಿ. ಅದನ್ನು ಬರೆದವನು ರಾಬಿನ್ಸನ್ ಕ್ರೂಸೋ ಕಾದಂಬರಿಯ ಕರ್ತೃ ಡೇನಿಯಲ್ ಡೀಫೋ ಎಂದು ಹಲವರ ಅಭಿಪ್ರಾಯ. ಸೆರೆಸಿಕ್ಕ ರಾಬರ್ಟ್ಸ್‌ನನ್ನು ಬಿಟ್ಟುಕಳಿಸುವಾಗ ಕೆಲವು ಸಾಮಾನು ಕೊಡಲು ಕಡಲ್ಗಳ್ಳರು ಮುಂದಾದರೆ, ಅವರಲ್ಲೇ ಒಬ್ಬ, ಕೊಟ್ಟಿದ್ದೇ ಆದರೆ ಎಲ್ಲವನ್ನೂ ಡೇವಿ ಜೋನ್ಸ್‌ನ ಲಾಕರಿಗೆ ಎಸೆದುಬಿಡುತ್ತೇನೆಂದು ಗದರಿಸುತ್ತಾನೆ. ಮುಳುಗಿ ಸತ್ತವರ ಸಮಾಧಿ ಎಂದು ನಾವಿಂದು ತಿಳಿದಿರುವ ಈ ಮಾತು ಅಲ್ಲಿ ಬರಿಯ ಸರಕಿನ ವಿಷಯದಲ್ಲಿ ಬಂದಿದೆ.

1751ರಲ್ಲಿ ಟೋಬಿಯಾಸ್ ಸ್ಮಾಲೆಟ್ ತನ್ನ ಪೆರಿಗ್ರಿನ್ ಪಿಕಲ್ ಕಾದಂಬರಿಯಲ್ಲಿ ಡೇವಿ ಜೋನ್ಸ್‌ನನ್ನು ಕಡಲಾಳದ ದುಷ್ಟಶಕ್ತಿಗಳ ಒಡೆಯನೆಂದು ಬಣ್ಣಿಸಿ, ಅವನಿಗೆ ತಟ್ಟೆಯಗಲದ ಕಣ್ಣು, ಮೂರು ಸಾಲು ಹಲ್ಲು, ಕೊಂಬು, ಬಾಲ, ಮೂಗಿನಿಂದ ಹೊಮ್ಮುವ ನೀಲಿ ಹೊಗೆ ಇವೆಯೆಂದೂ, ಬಿರುಗಾಳಿಗೆ ಮುನ್ನ ಅವನು ಹಡಗಿನ ಹಗ್ಗಗಳ ನಡುವೆ ಕಾಣಿಸಿಕೊಂಡು ಸಾವಿನ ಮುನ್ಸೂಚನೆ ಕೊಡುತ್ತಾನೆಂದೂ ಬರೆದ. ಸ್ಮಾಲೆಟ್ ಸ್ವತಃ ನೌಕಾಪಡೆಯ ಶಸ್ತ್ರವೈದ್ಯನಿಗೆ ಸಹಾಯಕನಾಗಿ ದಕ್ಷಿಣ ಅಮೆರಿಕದ ಸ್ಪೇನ್ ವಶದ ಬಂದರು ಕಾರ್ಟಹೇನಾದ ಮೇಲೆ ಬ್ರಿಟಿಷರು 1741ರಲ್ಲಿ ನಡೆಸಿದ ದಾಳಿಗೆ ಹೋಗಿಬಂದವನು. ನಾವಿಕರ ಬಾಯಿಂದಲೇ ಮಾತು ಕೇಳಿದವನ ಈ ಸಾಕ್ಷ್ಯಕ್ಕೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ.

ಹೆಸರಿನ ಮೂಲದ ಬಗ್ಗೆ ಇರುವುದೆಲ್ಲ ಊಹೆ. ಜೋನ್ಸ್ ಎಂಬುದು ಬೈಬಲ್ಲಿನ ಯೋನನ (ಇಂಗ್ಲಿಷಿನಲ್ಲಿ ಜೋನಾ) ಹೆಸರಿನ ಮಾರ್ಪಾಟೆಂಬ ವಾದ ನನಗೆ ಒಪ್ಪತಕ್ಕದ್ದೆನಿಸುತ್ತದೆ, ಏಕೆಂದರೆ ಬಿರುಗಾಳಿ ಅಡಗಲೆಂದು ಕಡಲಿಗೆ ಎಸೆಯಲ್ಪಟ್ಟವನು ಅವನು, ಮತ್ತು ಹಡಗಿಗೆ ಅಪಶಕುನ ತರುವವನನ್ನು ನಾವಿಕರು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಡೇವಿ ಎಂಬುದು ಕೆರಿಬಿಯನ್ ದ್ವೀಪಗಳ ಡಪ್ಪಿ ಎಂಬ ದೆವ್ವದಿಂದ ಬಂದಿತೆನ್ನುವವರು ಇನ್ನೂ ಪುರಾವೆ ಒದಗಿಸಬೇಕಾಗಿದೆ. ಕುಡಿದ ನಾವಿಕರನ್ನು ಲಾಕರಿನಲ್ಲಿ ಕೂಡಿಹಾಕಿ ಹಡಗುಗಳಿಗೆ ಮಾರುತ್ತಿದ್ದ ಡೇವಿ ಜೋನ್ಸ್ ಎಂಬ ಹೆಂಡದಂಗಡಿಯವನ ಕಥೆಯನ್ನು ಮಾತ್ರ ದಯವಿಟ್ಟು ಮಕ್ಕಳಿಗೆ ಕಲಿಸಬೇಡಿ. ವಾಟ್ಸ್ಆ್ಯಪ್‌ನಲ್ಲಿ ಇಂಥ ಕಥೆಗಳನ್ನು ಇತಿಹಾಸವೆಂದು ಹಂಚುವವರು ಕಡಲಲ್ಲಿ ಸತ್ತವರ ನಿಜವಾದ ಭಯವನ್ನು ಅಗ್ಗವಾಗಿಸುತ್ತಾರೆ.

ಪ್ರಶ್ನೆ: ಭಾರತಕ್ಕೆ ಬರುವಾಗ ಎಡ, ಮರಳುವಾಗ ಬಲ ಬದಿಯ ಹಡಗಿನ ಕೋಣೆ, ಅಂದರೆ ಇಂಗ್ಲಿಷಿನ ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂಬುದರ ಮೊದಲಕ್ಷರಗಳಿಂದ, ಶ್ರೀಮಂತ ಠೀವಿಯನ್ನು ಸೂಚಿಸುವ ಪಾಶ್ (posh) ಎಂಬ ಪದ ಬಂದಿತೇ?

ಉತ್ತರ: ಇಲ್ಲ, ಹಾಗೆ ಮುದ್ರೆಯೊತ್ತಿದ ಒಂದು ಟಿಕೆಟನ್ನೂ ಈವರೆಗೆ ಯಾರೂ ತೋರಿಸಿಲ್ಲ.

ಪ್ರಶ್ನೆ: ವಿಪರೀತ ಚಳಿಯನ್ನು ಹೇಳುವ ಇಂಗ್ಲಿಷ್ ಮಾತಿನಲ್ಲಿ ಬರುವ ಬ್ರಾಸ್ ಮಂಕಿ (ಹಿತ್ತಾಳೆ ಕೋತಿ) ಎಂಬುದು ಹಡಗಿನಲ್ಲಿ ಫಿರಂಗಿ ಗುಂಡುಗಳನ್ನು ಜೋಡಿಸುತ್ತಿದ್ದ ಹಿತ್ತಾಳೆ ತಟ್ಟೆಯ ಹೆಸರೇ?

ಉತ್ತರ: ಅಲ್ಲ. ಗುಂಡುಗಳನ್ನು ಕುಳಿಗಳಿರುವ ಮರದ ಹಲಗೆಗಳಲ್ಲಿ ಇಡುತ್ತಿದ್ದರು.

ಪ್ರಶ್ನೆ: ಎರಡು ಅಪಾಯಗಳ ನಡುವೆ ಸಿಕ್ಕಿಬಿದ್ದುದನ್ನು ಹೇಳುವ, ದೆವ್ವಕ್ಕೂ ಆಳ ಕಡಲಿಗೂ ನಡುವೆ ಎಂಬ ಇಂಗ್ಲಿಷ್ ಮಾತಿನಲ್ಲಿ ದೆವ್ವವೆಂದರೆ ಹಡಗಿನ ಹಲಗೆಗಳ ಸಂದಿಯೇ?

ಉತ್ತರ: 1637ರಲ್ಲಿ ಈ ಮಾತನ್ನು ಬರೆದ ರಾಬರ್ಟ್ ಮನ್ರೋ ನೆಲದ ಮೇಲೆ ಕಾದಾಡಿದ ಸೈನಿಕ, ಸಂದಿಯ ವಿವರಣೆ ಆಮೇಲೆ ಅಂಟಿಕೊಂಡದ್ದು.

ಪ್ರಶ್ನೆ: ನಮ್ಮವರಿಗೆ ಇಂಥ ನಾವಿಕ ಭಾಷೆ ಇರಲಿಲ್ಲವೇ?

ಉತ್ತರ: ಇತ್ತು. ಬ್ರಿಟಿಷ್ ಹಡಗುಗಳಲ್ಲಿ ದುಡಿದ ಭಾರತೀಯ ಲಾಸ್ಕರರ ಭಾಷೆಗೆ ಥಾಮಸ್ ರೋಬಕ್ 1811ರಲ್ಲೇ ಕಲ್ಕತ್ತೆಯಲ್ಲಿ ನಿಘಂಟು ಹೊರತಂದ. ಆ ಹಡಗುಗಳಲ್ಲಿ ಟಿಂಡಲ್ ಎನಿಸಿಕೊಂಡಿದ್ದ ಲಾಸ್ಕರರ ಮುಂದಾಳಿನ ಹೆಸರೇ ನಮ್ಮ ಕರಾವಳಿಯಲ್ಲಿ ದೋಣಿ ನಡೆಸುವ ತಾಂಡೇಲನದು.