ರಾಯಚೂರಿನ ಮನೆಯಲ್ಲಿ ಕಡಲಕುದುರೆ ಸಾಕಬಹುದೇ?

ಪ್ರಶ್ನೆ: ಕಡಲಕುದುರೆಗಳಲ್ಲಿ ಗಂಡೇ ಮರಿ ಹಾಕುತ್ತದೆಂದು ಓದಿದ ನನ್ನ ಮಗಳು ಅವುಗಳನ್ನು ಮನೆಯಲ್ಲಿ ಸಾಕಲೇಬೇಕೆಂದು ಹಟ ಹಿಡಿದಿದ್ದಾಳೆ. ಮೊಬೈಲಿನಲ್ಲಿ ಪರಿಚಯವಾದ ಮಾರಾಟಗಾರರೊಬ್ಬರು, ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಒಂದು ಜೋಡಿಯನ್ನು ಕಳುಹಿಸುವುದಾಗಿ ಹೇಳುತ್ತಿದ್ದಾರೆ. ನಮ್ಮ ಬೋರ್‌ವೆಲ್ ನೀರು ಮೊದಲೇ ಉಪ್ಪು, ಟಿಡಿಎಸ್ (ಕರಗಿರುವ ಲವಣಗಳ ಪ್ರಮಾಣ) ಲೀಟರಿಗೆ 1,800 ಮಿಲಿಗ್ರಾಂ ಇದೆ. ಇದೇ ನೀರು ಸಾಕಾಗುತ್ತದೆಯೇ? ಅಕ್ವೇರಿಯಂ ಎಷ್ಟು ದೊಡ್ಡದಿರಬೇಕು?
– ಓದುಗರು, ರಾಯಚೂರು

ಉತ್ತರ: ದಯವಿಟ್ಟು ಆ ಜೋಡಿಯನ್ನು ತರಿಸಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಕಡಲಕುದುರೆಗಳನ್ನೂ ಅವುಗಳ ಬಳಗದ ಕೊಳವೆ ಮೀನುಗಳನ್ನೂ ಸೇರಿಸಲಾಗಿದ್ದು, ಅವುಗಳನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು ಜೈಲು ಶಿಕ್ಷೆಯವರೆಗೂ ಹೋಗಬಲ್ಲ ಅಪರಾಧ. ತೊಟ್ಟಿಯಲ್ಲಿ ಹುಟ್ಟಿದ್ದೆಂಬ ಬಾಯಿಮಾತು ನಾಳೆ ಅರಣ್ಯ ಇಲಾಖೆಯವರು ಬಂದು ನಿಂತಾಗ ನಿಮ್ಮ ನೆರವಿಗೆ ಬರುವುದಿಲ್ಲ.

ಕಾನೂನಿನ ತೊಡಕು ಇಲ್ಲದಿದ್ದರೂ ನಾನು ಬೇಡವೆಂದೇ ಹೇಳುತ್ತಿದ್ದೆ. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ನಿಮ್ಮ ಬೋರ್‌ವೆಲ್ ನೀರಿನಲ್ಲಿರುವುದು ಎರಡು ಗ್ರಾಂಗೂ ಕಡಿಮೆ. ನಾಲಿಗೆಗೆ ಉಪ್ಪೆನಿಸಿದ ಮಾತ್ರಕ್ಕೆ ಅದು ಕಡಲ ನೀರಾಗದು. ಇನ್ನು ಬಿಸಿಲಿನ ವಿಚಾರ. ಉಷ್ಣವಲಯದ ಕಡಲಕುದುರೆಗಳನ್ನು ಸಾಕುವವರು ನೀರನ್ನು 22ರಿಂದ 25 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತಾರೆ, ಏಕೆಂದರೆ ನೀರು ಬೆಚ್ಚಗಾದಂತೆ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ತರುವ ಸೋಂಕು ಹೆಚ್ಚುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಿಮ್ಮ ಊರಿನಲ್ಲಿ ಇದಕ್ಕೆ ಹಗಲೂ ರಾತ್ರಿ ನೀರು ತಂಪಾಗಿಸುವ ಚಿಲ್ಲರ್ ಯಂತ್ರ ಓಡಬೇಕು, ಕರೆಂಟ್ ಹೋದಾಗ ಅದನ್ನು ನಡೆಸುವಷ್ಟು ಶಕ್ತಿಯ ವ್ಯವಸ್ಥೆಯೂ ಇರಬೇಕು.

ಅಳತೆ ಕೇಳಿದ್ದೀರಿ. ಒಂದು ಜೋಡಿಗೆ ನೂರು ಲೀಟರಿಗೆ ಕಡಿಮೆಯಿಲ್ಲದ, ಅಗಲಕ್ಕಿಂತ ಎತ್ತರ ಹೆಚ್ಚಿರುವ ತೊಟ್ಟಿ ಬೇಕಾಗುತ್ತದೆ; ಜೋಡಿ ಕೂಡುವಾಗ ಅವು ನೀರಿನಲ್ಲಿ ನೆಟ್ಟಗೆ ಮೇಲೇರುತ್ತವೆ. ಆದರೆ ನಿಜವಾದ ಕಷ್ಟ ಊಟದ್ದು. ಕಡಲಕುದುರೆಗೆ ಹಲ್ಲೂ ಇಲ್ಲ, ಜಠರವೂ ಇಲ್ಲ. ಕೊಳವೆಯಂಥ ಮೂತಿಯಿಂದ ಹೀರಿದ ಆಹಾರ ಬೇಗನೆ ಸಾಗಿಹೋಗುವುದರಿಂದ ದಿನಕ್ಕೆ ಹಲವು ಸಲ ಮೈಸಿಸ್‌ನಂಥ ಪುಟ್ಟ ಸೀಗಡಿಗಳನ್ನು ಕೊಡಬೇಕು. ಕಡಲಿನಿಂದ ಹಿಡಿದು ತಂದವು ಜೀವಂತ ಬೇಟೆಯನ್ನಲ್ಲದೆ ಹೆಪ್ಪುಗಟ್ಟಿಸಿದ ಆಹಾರವನ್ನು ಸಾಮಾನ್ಯವಾಗಿ ಮುಟ್ಟದೆ ಸೊರಗಿ ಸಾಯುತ್ತವೆ. ಮಾರುವವರು ಇದನ್ನು ಹೇಳುವುದಿಲ್ಲ.

ಮಗಳಿಗೆ ಮರಿ ಹಾಕುವ ಮೀನನ್ನು ತೋರಿಸಬೇಕೆಂದಿದ್ದರೆ ಮೋಲಿ ತನ್ನಿ. ಅಲ್ಲಿ ಮರಿ ಹಾಕುವುದು ಹೆಣ್ಣೇ ಆದರೂ, ಗಡಸು ನೀರನ್ನು ಇಷ್ಟಪಡುವ, ತುಸು ಉಪ್ಪನ್ನೂ ತಾಳುವ ಈ ಮೀನು ನಿಮ್ಮ ಬೋರ್‌ವೆಲ್ ನೀರಿಗೆ ಹೊಂದಿಕೊಳ್ಳುವ ಸಂಭವ ಹೆಚ್ಚು. ತೊಟ್ಟಿಯಲ್ಲಿ ಫಿಲ್ಟರನ್ನು ನಾಲ್ಕರಿಂದ ಆರು ವಾರ ಓಡಿಸಿ, ಮೀನಿಗೆ ವಿಷವಾಗುವ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆಯೇ ಮೀನು ಬಿಡಿ. ಈ ಅವಧಿಯಲ್ಲಿ ಚಿಟಿಕೆಯಷ್ಟು ಮೀನಿನ ಆಹಾರವನ್ನು ನೀರಿಗೆ ಹಾಕುತ್ತಿದ್ದರೆ ಮಾತ್ರ ಫಿಲ್ಟರಿನಲ್ಲಿ ಈ ವಿಷಗಳನ್ನು ನಿವಾರಿಸುವ ಬ್ಯಾಕ್ಟೀರಿಯಾ ಬೆಳೆಯುತ್ತವೆ.

ಪ್ರಶ್ನೆ: ಅಡುಗೆ ಉಪ್ಪು ಕರಗಿಸಿ ಕಡಲ ನೀರು ಮಾಡಿಕೊಳ್ಳಬಹುದೇ? ನೀರು ಆರಿ ಕಡಿಮೆಯಾದಾಗ ಏನು ಸುರಿಯಬೇಕು?
– ಓದುಗರು, ಗಂಗಾವತಿ

ಉತ್ತರ: ಆಗದು. ಅಡುಗೆ ಉಪ್ಪು ಬಹುಪಾಲು ಸೋಡಿಯಂ ಕ್ಲೋರೈಡ್ ಮಾತ್ರ. ಕಡಲ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್‌ಗಳೂ ಇರುತ್ತವೆ. ಕಾನೂನು ಅನುಮತಿಸುವ ಕಡಲ ಮೀನುಗಳನ್ನು ಸಾಕುವುದಾದರೆ ಅಕ್ವೇರಿಯಂಗೆಂದೇ ತಯಾರಿಸಿದ ಉಪ್ಪನ್ನು ಆರ್‌ಓ ನೀರಿನಲ್ಲಿ ಕರಗಿಸಬೇಕು. ಆವಿಯಾಗಿ ಹೋಗುವುದು ನೀರಷ್ಟೇ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟನ್ನು ಉಪ್ಪು ಬೆರೆಸದ ಆರ್‌ಓ ನೀರಿನಿಂದಲೇ ತುಂಬಿಸಿ. ನಿಮ್ಮ ಕಡೆಯ ಒಣ ಬೇಸಿಗೆಯಲ್ಲಿ ಇದನ್ನು ದಿನವೂ ಮಾಡಬೇಕಾಗುತ್ತದೆ.