ಹಿಂದಿರುಗಿದ ಕಣಗಳ ಲೆಕ್ಕ

ಮನೆಯಲ್ಲಿ ಪಿಯುಸಿ ಮಕ್ಕಳಿಗೆ ಭೌತವಿಜ್ಞಾನ ಹೇಳಿಕೊಡುವ ಬಸವನಗುಡಿಯ ಓದುಗರೊಬ್ಬರು ಹೀಗೆ ಬರೆದಿದ್ದಾರೆ: “ತೆಳು ಲೋಹದ ರೇಕಿನತ್ತ ಹಾಯಿಸಿದ ಆಲ್ಫಾ ಕಣಗಳಲ್ಲಿ (ವಿಕಿರಣಶೀಲ ವಸ್ತುಗಳಿಂದ ಹೊಮ್ಮುವ ಧನಾವೇಶದ ಕಣಗಳು) ಕೆಲವು ಹಿಂದಕ್ಕೆ ಬಂದವು, ಆದ್ದರಿಂದ ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನೂರಾರು ಪರಮಾಣುಗಳನ್ನು ಹಾದುಹೋಗುವ ಕಣ ಸಣ್ಣಪುಟ್ಟ ನೂಕುಗಳು ಸೇರಿಯೇ ಹಿಂದಿರುಗಿರಬಾರದೇಕೆ? ನಡುವಿನ ಆವೇಶ ಧನವೆಂದು ರದರ್‌ಫೋರ್ಡರಿಗೆ ತಿಳಿದದ್ದು ಹೇಗೆ?”

ಮಾನ್ಯರೇ,

ನಿಮ್ಮ ಮೊದಲ ಆಕ್ಷೇಪ ನ್ಯಾಯವಾದದ್ದು. ‘ಆದ್ದರಿಂದ’ ಎಂಬ ಒಂದೇ ಪದದಲ್ಲಿ ನಮ್ಮ ಲೇಖನ ಎರಡು ವರ್ಷಗಳ ವಿಚಾರವನ್ನು ದಾಟಿಬಿಟ್ಟಿತ್ತು. ಮ್ಯಾಂಚೆಸ್ಟರಿನಲ್ಲಿ ಭೌತವಿಜ್ಞಾನಿ ರದರ್‌ಫೋರ್ಡರ ಪ್ರಯೋಗಾಲಯದ ಗೈಗರ್ ಮತ್ತು ಮಾರ್ಸ್‌ಡೆನ್ ಹಿಂದಿರುಗುವ ಕಣಗಳನ್ನು ಕಂಡದ್ದು 1909ರಲ್ಲಿ; ರದರ್‌ಫೋರ್ಡರ ಪ್ರಬಂಧ ಪ್ರಕಟವಾದದ್ದು 1911ರಲ್ಲಿ. ಆ ಪ್ರಬಂಧ ಮೊದಲು ಕೈಗೆತ್ತಿಕೊಂಡದ್ದೂ ನೀವು ಕೇಳಿರುವ ಪ್ರಶ್ನೆಯನ್ನೇ, ಏಕೆಂದರೆ ಧನಾವೇಶ ಪರಮಾಣುವಿನ ತುಂಬ ಹರಡಿದೆ ಎನ್ನುವ ಥಾಮ್ಸನ್ನರ ಮಾದರಿಯನ್ನು ಒಪ್ಪಿದವರು ಕಣಗಳ ಚದುರಿಕೆಯನ್ನು ಅಂಥ ಸಣ್ಣ ನೂಕುಗಳ ಮೊತ್ತವೆಂದೇ ವಿವರಿಸುತ್ತಿದ್ದರು.

ಉತ್ತರವಿರುವುದು ಎಣಿಕೆಯಲ್ಲಿ. ಕತ್ತಲೆ ಕೋಣೆಯಲ್ಲಿ ಕಣ್ಣು ಪಳಗುವವರೆಗೆ ಕುಳಿತು, ಸತುವಿನ ಸಲ್ಫೈಡ್ ಬಳಿದ ಪರದೆಯ ಮೇಲೆ ಕಣವೊಂದು ಬಡಿದಾಗ ಮೂಡುವ ಕ್ಷಣಿಕ ಮಿನುಗನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಒಂದೊಂದಾಗಿ ಎಣಿಸುವ ಕೆಲಸವದು. ಸುಮಾರು 0.0004 ಮಿಲಿಮೀಟರ್ ದಪ್ಪದ ಚಿನ್ನದ ರೇಕನ್ನು ಹಾದ ಕಣಗಳ ತಿರುವುಗಳಲ್ಲಿ ಅತಿ ಹೆಚ್ಚು ಸಲ ಕಾಣುತ್ತಿದ್ದ ಕೋನ ಸುಮಾರು 0.87 ಡಿಗ್ರಿ. ಆದರೆ ಸುಮಾರು 20,000ಕ್ಕೆ ಒಂದು ಕಣ 90 ಡಿಗ್ರಿಯಷ್ಟು ತಿರುಗುತ್ತಿತ್ತು. ನಮ್ಮ ಕಡಲೆಕಾಯಿ ಪರಿಷೆಯ ಜಂಗುಳಿಯಲ್ಲಿ ನಡೆಯುವವನಿಗೆ ಎಡದಿಂದಲೂ ಬಲದಿಂದಲೂ ಭುಜ ತಾಗುತ್ತದೆ. ಒಂದು ನೂಕನ್ನು ಇನ್ನೊಂದು ಅಳಿಸುತ್ತ ಹೋಗುವುದರಿಂದ ಅವನು ಓಲಾಡುತ್ತಾನೆಯೇ ಹೊರತು ಬಂದ ದಾರಿಗೆ ಮುಖ ಮಾಡುವುದಿಲ್ಲ. ಕಣದ ತಿರುವು ಇಂಥ ಓಲಾಟ ಮಾತ್ರವೇ ಆಗಿದ್ದರೆ, 0.87ರ ಲೆಕ್ಕ ಹಿಡಿದು ಗುಣಿಸಿದಾಗ, 90 ಡಿಗ್ರಿ ಹಾಗಿರಲಿ, 10 ಡಿಗ್ರಿಗಿಂತ ಹೆಚ್ಚು ತಿರುಗಿದ ಒಂದು ಕಣವನ್ನು ಕಾಣಲು 1ರ ಮುಂದೆ 28 ಸೊನ್ನೆ ಬರೆದಷ್ಟು ಕಣಗಳನ್ನು ಹಾಯಿಸಿದರೂ ಸಾಲದು. ಹಾಗಾದರೆ ದೊಡ್ಡ ತಿರುವು ಒಂದೇ ಪರಮಾಣುವಿನ ಒಂದೇ ಭೇಟಿಯಲ್ಲಿ ಆಗಿರಬೇಕು, ಮತ್ತು ಅಷ್ಟು ಪ್ರಬಲವಾದ ವಿದ್ಯುತ್ ಕ್ಷೇತ್ರ ಇರಬೇಕಾದರೆ ಆವೇಶವೆಲ್ಲ ಅತಿ ಚಿಕ್ಕ ಜಾಗದಲ್ಲಿ ಅಡಕವಾಗಿರಬೇಕು. ಎಲೆಕ್ಟ್ರಾನಿನ ಮೇಲೆ ಈ ಹೊಣೆ ಹೊರಿಸುವಂತಿಲ್ಲ. ಆಲ್ಫಾ ಕಣದ ತೂಕ ಅದರ 7,000 ಪಟ್ಟಿಗೂ ಹೆಚ್ಚು.

ಇಷ್ಟಾದರೂ ಅದು ಊಹೆಯೇ. ಒಂದು ಕೋನಕ್ಕೆ ಚದುರುವ ಕಣಗಳ ಸಂಖ್ಯೆ ಆ ಕೋನದ ಅರ್ಧದ ಸೈನ್‌ನ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಇಳಿಯಬೇಕೆಂದು ರದರ್‌ಫೋರ್ಡರ ಸೂತ್ರ ಹೇಳಿತು. 5ರಿಂದ 150 ಡಿಗ್ರಿಯವರೆಗೆ ಎಣಿಸಿ, ಸಂಖ್ಯೆ ಸುಮಾರು ಎರಡೂವರೆ ಲಕ್ಷ ಪಟ್ಟು ಕುಸಿದರೂ ಸೂತ್ರ ತಪ್ಪಲಿಲ್ಲವೆಂದು ಗೈಗರ್ ಮತ್ತು ಮಾರ್ಸ್‌ಡೆನ್ 1913ರಲ್ಲಿ ತೋರಿಸಿದರು. ನನ್ನ ಮಟ್ಟಿಗೆ ಹಿಂದಿರುಗಿದ ಕಣಕ್ಕಿಂತ ಈ ಹೊಂದಾಣಿಕೆಯೇ ಗಟ್ಟಿಯಾದ ಸಾಕ್ಷಿ. ಪಠ್ಯಪುಸ್ತಕಗಳು ಮಾತ್ರ ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ.

ಎರಡನೆಯ ಪ್ರಶ್ನೆಗೆ ಉತ್ತರ: 1911ರಲ್ಲಿ ರದರ್‌ಫೋರ್ಡರಿಗೆ ಖಚಿತವಾಗಿ ತಿಳಿದಿರಲಿಲ್ಲ. ನಡುವಿನ ಆವೇಶ ಧನವೆಂದು ಅನುಕೂಲಕ್ಕಾಗಿ ಇಟ್ಟುಕೊಂಡು, ತಮ್ಮ ತೀರ್ಮಾನಗಳು ಆ ಚಿಹ್ನೆಯನ್ನು ಅವಲಂಬಿಸಿಲ್ಲವೆಂದು ಅವರೇ ಪ್ರಬಂಧದಲ್ಲಿ ಹೇಳಿದ್ದಾರೆ. ಆವೇಶ ಋಣವಾಗಿದ್ದರೂ ಕಣವು ಸೂರ್ಯನನ್ನು ಸುತ್ತಿ ಹಿಂತಿರುಗುವ ಧೂಮಕೇತುವಿನಂತೆ ಬಾಗಿ, ಅದೇ ಕೋನದಲ್ಲಿ ಹೊರಬೀಳುತ್ತದೆ. ಪರದೆಯ ಮೇಲಿನ ಮಿನುಗುಗಳ ಸಂಖ್ಯೆಯಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ.

— ಸಂಪಾದಕ