ಬದುಕಿದ್ದಾಗ ಜಿಪುಣ, ಸತ್ತ ಮೇಲೆ ದಾನಿ: ಮ್ಯಾಕ್‌ಆರ್ಥರ್ ಕಥೆ ನಿಜಾನಾ?

ಪ್ರಶ್ನೆ: ಸರ್, ಎ.ಕೆ. ರಾಮಾನುಜನ್ ಅವರ ಬಗ್ಗೆ ಓದುತ್ತಿದ್ದಾಗ 1983ರಲ್ಲಿ ಅವರಿಗೆ ಅಮೆರಿಕದ ‘ಮ್ಯಾಕ್‌ಆರ್ಥರ್ ಫೆಲೋಶಿಪ್’ ಅನ್ನೋ ದೊಡ್ಡ ಮೊತ್ತದ ಪ್ರೋತ್ಸಾಹಧನ ಸಿಕ್ಕಿತ್ತು ಅಂತ ಗೊತ್ತಾಯ್ತು. ಆ ದುಡ್ಡಿನ ಮೂಲ ಒಬ್ಬ ಇನ್ಶೂರೆನ್ಸ್ ವ್ಯಾಪಾರಿಯಂತೆ. ಎಂಥಾ ದೊಡ್ಡ ಮನಸ್ಸು ಅಂದುಕೊಂಡೆ. ಆಮೇಲೆ ಇನ್ನೊಂದು ಕಡೆ ನೋಡಿದರೆ, ಆತ ಮಹಾ ಜಿಪುಣ ಅಂತ ಬರೆದಿದ್ದಾರೆ. ಯಾವುದು ನಿಜ? ವಿಮೆ ಮಾರಿ ಅಷ್ಟೊಂದು ದುಡ್ಡು ಮಾಡೋಕೆ ಆಗುತ್ತಾ?

ಉತ್ತರ: ಎರಡೂ ನಿಜ. ಜಿಪುಣತನ ಆತನದ್ದು, ದಾನ ಆತನ ದುಡ್ಡಿನದ್ದು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕಂದ್ರೆ ನಿಮ್ಮ ಕೊನೆಯ ಪ್ರಶ್ನೆ ನನ್ನ ಕಸುಬಿಗೆ ಸಂಬಂಧಪಟ್ಟದ್ದು.

ಜಾನ್ ಡಿ. ಮ್ಯಾಕ್‌ಆರ್ಥರ್ ಹುಟ್ಟಿದ್ದು 1897ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ಪಿಟ್ಸ್‌ಟನ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ. ಅಪ್ಪ ಕ್ರೈಸ್ತ ಧರ್ಮಪ್ರಚಾರಕ. ಏಳು ಮಕ್ಕಳಲ್ಲಿ ಜಾನ್ ಕೊನೆಯವನು. ಆ ಮನೆಯಲ್ಲಿ ಪ್ರಾರ್ಥನೆಗೆ ಬರ ಇರಲಿಲ್ಲ, ಕಾಸಿಗೆ ಇತ್ತು. ಓದು ಎಂಟನೇ ತರಗತಿಗೇ ನಿಂತಿತು. ಅಣ್ಣ ಚಾರ್ಲ್ಸ್ ನಾಟಕಕಾರನಾಗಿ ಹೆಸರು ಮಾಡಿದ. ಇನ್ನೊಬ್ಬ ಅಣ್ಣ ಆಲ್ಫ್ರೆಡ್ ವಿಮೆ ವ್ಯವಹಾರದಲ್ಲಿದ್ದ. ಅವನ ಕೈಕೆಳಗೆ ಜಾನ್ ಪಾಲಿಸಿ ಮಾರೋದು ಕಲಿತ, ಬೇಗನೆ ಪಳಗಿದ.

1928ರಲ್ಲಿ ಒಂದು ಸಣ್ಣ ವಿಮಾ ಕಂಪನಿ ಕೊಂಡ. ಮರುವರ್ಷವೇ ಷೇರುಪೇಟೆ ಕುಸಿಯಿತು, ಕಂಪನಿ ಹೇಗೋ ಕುಟುಕು ಜೀವ ಹಿಡಿದುಕೊಂಡಿತ್ತು. ಇಂಥ ಹೊತ್ತಿನಲ್ಲಿ, 1935ರಲ್ಲಿ, ಈತ 2,500 ಡಾಲರ್ ಸಾಲ ತಂದು ಇನ್ನೊಂದು ಕಂಪನಿ ಕೊಂಡ. ಷಿಕಾಗೋದ ‘ಬ್ಯಾಂಕರ್ಸ್ ಲೈಫ್ ಅಂಡ್ ಕ್ಯಾಷುವಲ್ಟಿ’. ಇವತ್ತು ಆತನ ಹೆಸರಿನಲ್ಲಿ ಹಂಚಿಕೆಯಾಗುತ್ತಿರುವ ದುಡ್ಡಿನ ಬೇರು ಇರೋದು ಇಲ್ಲೇ.

ಕೆಲಸ ಹೋದವನು, ಸಂಬಳ ಅರ್ಧಕ್ಕೆ ಇಳಿದವನು ದೊಡ್ಡ ಕಂತು ಕಟ್ಟುವುದಿಲ್ಲ. ಆದರೆ ತಿಂಗಳಿಗೆ ಒಂದು ಡಾಲರ್ ಅಂದರೆ ಯೋಚನೆ ಮಾಡುತ್ತಾನೆ. ಮ್ಯಾಕ್‌ಆರ್ಥರ್ ಅಂಥ ಪಾಲಿಸಿಗಳನ್ನು ಅಂಚೆಯ ಮೂಲಕ ಮಾರಿದ. ಮನೆಮನೆಗೆ ಏಜೆಂಟ್ ಕಳಿಸಿದರೆ ಕಮಿಷನ್ ಕೊಡಬೇಕು, ಓಡಾಟದ ಖರ್ಚು ಕೊಡಬೇಕು. ಒಂದು ಡಾಲರ್ ಕಂತಿನಲ್ಲಿ ಅದೆಲ್ಲ ಗಿಟ್ಟೋದಿಲ್ಲ. ಜಾಹೀರಾತು ಮತ್ತು ಕಾಗದ ಸಾಕು, ಅರ್ಜಿ ತಾನೇ ಬರುತ್ತದೆ, ಜೊತೆಗೆ ಮೊದಲ ಡಾಲರ್ ಕೂಡ.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಹತ್ತು ಸಾವಿರ ಜನ ತಿಂಗಳಿಗೆ ಒಂದು ಡಾಲರ್ ಕಟ್ಟುತ್ತಾರೆ ಅಂದುಕೊಳ್ಳಿ. ವರ್ಷಕ್ಕೆ 1,20,000 ಡಾಲರ್ ಆಯಿತು. ಇವರಲ್ಲಿ ಆ ವರ್ಷ ಕ್ಲೈಮ್‌ಗೆ ಬರುವವರು ಕೆಲವೇ ಜನ. ಯಾರು ಅಂತ ಮೊದಲೇ ಹೇಳಲಾಗದು, ಆದರೆ ಹೆಚ್ಚುಕಡಿಮೆ ಎಷ್ಟು ಜನ ಅನ್ನೋದನ್ನು ಹೇಳಬಹುದು. ವಿಮೆ ನಿಂತಿರೋದೇ ಈ ‘ಎಷ್ಟು ಜನ’ದ ಮೇಲೆ. ಇನ್ನು ಕೆಲವರು ನಡುವೆ ಕಂತು ಕಟ್ಟೋದು ಬಿಟ್ಟುಬಿಡುತ್ತಾರೆ, ಪಾಲಿಸಿ ರದ್ದಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಕಂತು ಮೊದಲು ಬರುತ್ತದೆ, ಪರಿಹಾರ ಆಮೇಲೆ ಹೋಗುತ್ತದೆ. ನಡುವಿನ ತಿಂಗಳು, ವರ್ಷಗಳ ಕಾಲ ಆ ದುಡ್ಡು ಕಂಪನಿಯ ಕೈಯಲ್ಲೇ ಇರುತ್ತದೆ. ಅದನ್ನು ಬಾಂಡ್‌ಗೆ ಹಾಕಬಹುದು, ಜಮೀನಿಗೆ ಹಾಕಬಹುದು. ಬೇರೆ ವ್ಯಾಪಾರದವರು ಬಂಡವಾಳಕ್ಕೆ ಬಡ್ಡಿ ಕಟ್ಟಿ ಸಾಲ ತರುತ್ತಾರೆ. ವಿಮೆಯಲ್ಲಿ ಗಿರಾಕಿಯೇ ಬಂಡವಾಳ ತಂದು ಕೈಗಿಡುತ್ತಾನೆ, ಅಲ್ವಾ?

ಮ್ಯಾಕ್‌ಆರ್ಥರ್ ಆ ದುಡ್ಡಿನಲ್ಲಿ ಇನ್ನಷ್ಟು ಸಣ್ಣ ಕಂಪನಿಗಳನ್ನು, ಆಮೇಲೆ ಫ್ಲೋರಿಡಾದಲ್ಲಿ ಸಾವಿರಾರು ಎಕರೆ ಜಮೀನನ್ನು ಕೊಂಡ. ಒಂದು ವಿಷಯ ಇಲ್ಲಿ ಹೇಳಲೇಬೇಕು. ಹೆಂಡತಿ ಕ್ಯಾಥರೀನ್ ಆಫೀಸಿನಲ್ಲಿ ಕೂತು ಕಂಪನಿ ನಡೆಸಲು ಹೆಗಲು ಕೊಟ್ಟವಳು. ಈ ಫೆಲೋಶಿಪ್ ಕೊಡುವ ಪ್ರತಿಷ್ಠಾನಕ್ಕೆ ಇಬ್ಬರ ಹೆಸರೂ ಇರೋದು ಸುಮ್ನೆ ಅಲ್ಲ.

ಕಂಪನಿಯ ಬಗ್ಗೆ ದೂರುಗಳೂ ಇದ್ದವು. ಜಾಹೀರಾತು ಹೇಳೋದು ಒಂದು, ಕ್ಲೈಮ್ ಹೊತ್ತಿಗೆ ಆಗೋದು ಇನ್ನೊಂದು ಅಂತ. ಸರ್ಕಾರಿ ವಿಚಾರಣೆ, ಕೋರ್ಟು ಕಚೇರಿ ಆತನಿಗೆ ಹೊಸದಾಗಿರಲಿಲ್ಲ. ದಾನದ ಕಥೆ ಹೇಳುವಾಗ ಈ ಭಾಗವನ್ನು ಹಾರಿಸಿಬಿಡುವವರೇ ಜಾಸ್ತಿ. ಕಂತು ಕಟ್ಟಿ ಪರಿಹಾರ ಸಿಗದವನ ಕಡೆಯಿಂದ ನೋಡಿದರೆ ಅದನ್ನು ಹಾರಿಸೋಕೆ ನನಗಂತೂ ಮನಸ್ಸು ಬರುವುದಿಲ್ಲ.

ಇನ್ನು ಜಿಪುಣತನದ ವಿಷಯ. ಕೊನೆಯ ವರ್ಷಗಳಲ್ಲಿ ಆತ ಇದ್ದದ್ದು ಫ್ಲೋರಿಡಾದಲ್ಲಿ, ತನ್ನದೇ ಆದ ‘ಕಾಲೊನೇಡ್ಸ್ ಬೀಚ್’ ಹೋಟೆಲಿನಲ್ಲಿ. ಹತ್ತಿರದಲ್ಲೇ ಸಮುದ್ರ, ಈತನ ಮನೆಯ ಕಿಟಕಿ ಮಾತ್ರ ಪಾರ್ಕಿಂಗ್ ಜಾಗದ ಕಡೆಗೆ. ಆಫೀಸು ಅಂದರೆ ಹೋಟೆಲಿನ ಕಾಫಿ ಶಾಪ್‌ನ ಒಂದು ಮೇಜು. ಅಲ್ಲೇ ಕೂತು ಕಾಫಿ ಕುಡಿಯುತ್ತಾ, ಸಿಗರೇಟು ಸೇದುತ್ತಾ ಕೋಟಿಗಟ್ಟಲೆ ಡಾಲರ್‌ಗಳ ವ್ಯವಹಾರ ಮುಗಿಸುತ್ತಿದ್ದ.

ಆದರೆ ಮನಸ್ಸು ಬಂದರೆ ಖರ್ಚೂ ಮಾಡುತ್ತಿದ್ದ. 1964ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಒಂದರಿಂದ ನೂರು ಕ್ಯಾರೆಟ್‌ನ ‘ಡಿಲಾಂಗ್’ ಮಾಣಿಕ್ಯ ಕಳುವಾಯಿತು. ಮರುವರ್ಷ ಅದನ್ನು ಬಿಡಿಸಲು 25,000 ಡಾಲರ್ ಕೊಟ್ಟದ್ದು ಈತ. ಫ್ಲೋರಿಡಾದ ಒಂದು ಟೆಲಿಫೋನ್ ಬೂತ್‌ನಲ್ಲಿ ಕಲ್ಲು ಸಿಕ್ಕಿತು.

ನನಗೆ ಇದಕ್ಕಿಂತ ಇಷ್ಟವಾದದ್ದು ಆಲದ ಮರದ ಕಥೆ. ಪಾಮ್ ಬೀಚ್ ಗಾರ್ಡನ್ಸ್ ಅನ್ನೋ ಹೊಸ ಊರನ್ನು ಕಟ್ಟಿಸಿದ್ದು ಮ್ಯಾಕ್‌ಆರ್ಥರೇ. ಹೆಸರಲ್ಲಿ ತೋಟ ಇದೆ, ಊರಲ್ಲಿ ಹೇಳಿಕೊಳ್ಳುವಂಥ ಮರ ಇಲ್ಲ! ಪಕ್ಕದ ಲೇಕ್ ಪಾರ್ಕ್‌ನಲ್ಲಿ ಸುಮಾರು 80 ವರ್ಷದ ಆಲದ ಮರವೊಂದನ್ನು ಕಡಿಯುವವರಿದ್ದರು. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ ದೊಡ್ಡದು ಮಾಡಲು ಅದು ಅಡ್ಡ ಬರುತ್ತಿತ್ತು. ಈತ ಅದನ್ನು ಬುಡಸಮೇತ ಎಬ್ಬಿಸಿ, ಗಾಡಿಗೆ ಹೇರಿಸಿ, ತನ್ನ ಊರಿನ ಬಾಗಿಲಿಗೆ ತರಿಸಿದ. ಖರ್ಚು ಸುಮಾರು 30,000 ಡಾಲರ್. ರೈಲು ಹಳಿ ದಾಟುವಾಗ ಮರ ವಾಲಿತು, ಪಕ್ಕದ ಟೆಲಿಫೋನ್, ಟೆಲಿಗ್ರಾಫ್ ತಂತಿಗಳು ಕಿತ್ತುಹೋದವು. ರಿಪೇರಿ ಆಗೋವರೆಗೆ ಮಯಾಮಿ ನಗರಕ್ಕೂ ಹೊರಲೋಕಕ್ಕೂ ಹೆಚ್ಚುಕಡಿಮೆ ಮಾತೇ ಇರಲಿಲ್ಲ. ಮರ ಬದುಕಿತು. ಮರುವರ್ಷ ಇನ್ನೊಂದು ಆಲದ ಮರ ಬಂತು.

ಇದನ್ನು ದಾನ ಅನ್ನಬೇಕಾ? ನನ್ನ ಪ್ರಕಾರ ಅಲ್ಲ. ಸೈಟು ಮಾರುವವನಿಗೆ ಊರ ಬಾಗಿಲಲ್ಲಿ ದೊಡ್ಡ ಮರ ಇದ್ದರೆ ಒಳ್ಳೆಯದು. ಆದರೂ ಮರ ಉಳಿಯಿತಲ್ಲ.

ಈಗ ನಿಜವಾದ ದಾನಕ್ಕೆ ಬರೋಣ. 1970ರಲ್ಲಿ ವಕೀಲ ವಿಲಿಯಂ ಕರ್ಬಿ ಪ್ರತಿಷ್ಠಾನದ ಕಾಗದಪತ್ರ ಸಿದ್ಧ ಮಾಡಿದ. ಆಗ ಅಮೆರಿಕದಲ್ಲಿ ಸತ್ತವರ ಆಸ್ತಿಯ ಮೇಲಿನ ತೆರಿಗೆ ಅತಿ ಶ್ರೀಮಂತರಿಗೆ ನೂರಕ್ಕೆ 77ರವರೆಗೂ ಇತ್ತು. ದತ್ತಿ ಸಂಸ್ಥೆಗೆ ಬರೆದುಕೊಟ್ಟರೆ ಆ ತೆರಿಗೆ ಇಲ್ಲ. ಸರ್ಕಾರದ ಕೈಗೆ ದುಡ್ಡು ಹೋಗೋದು ಮ್ಯಾಕ್‌ಆರ್ಥರ್‌ಗೆ ಸುತರಾಂ ಇಷ್ಟವಿರಲಿಲ್ಲ. ಸಹಿ ಹಾಕಿದ. ಯಾವ ಕೆಲಸಕ್ಕೆ ಖರ್ಚು ಮಾಡಬೇಕು ಅಂತ ಬರೆಯಲೇ ಇಲ್ಲ. ದುಡ್ಡು ಮಾಡೋದು ನನ್ನ ಕೆಲಸ, ಖರ್ಚು ಮಾಡೋದು ನೀವು ನೋಡಿಕೊಳ್ಳಿ ಅನ್ನೋ ಅರ್ಥದ ಮಾತು ಹೇಳಿದ್ದನಂತೆ. 1978ರ ಜನವರಿ 6ರಂದು ಕ್ಯಾನ್ಸರ್‌ನಿಂದ ತೀರಿಕೊಂಡ. ಬಿಟ್ಟುಹೋದದ್ದು ಸುಮಾರು 100 ಕೋಟಿ ಡಾಲರ್ ಬೆಲೆಯ ಆಸ್ತಿ. ಅದರ ಬಹುಪಾಲು ಪ್ರತಿಷ್ಠಾನಕ್ಕೆ ಹೋಯಿತು.

ಖರ್ಚಿನ ಬಗ್ಗೆ ಏನೂ ಬರೆಯದೆ ಬಿಟ್ಟ ಆ ಖಾಲಿ ಜಾಗವೇ ಒಳ್ಳೆಯದಾಯಿತು ಅನ್ನಿಸುತ್ತದೆ. ಟುಲೇನ್ ವಿಶ್ವವಿದ್ಯಾಲಯದ ಹೃದ್ರೋಗ ತಜ್ಞ ಜಾರ್ಜ್ ಬರ್ಚ್ 1976ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಲೇಖನ ಬರೆದಿದ್ದರು. ಪ್ರತಿಭೆ ಇರುವವನಿಗೆ ದುಡ್ಡು ಕೊಟ್ಟು ಅವನ ಪಾಡಿಗೆ ಬಿಡಿ, ಅರ್ಜಿ, ವರದಿ ಅಂತ ಕಾಡಬೇಡಿ ಅನ್ನೋದು ಅದರ ಸಾರ. ಇದು ಕರ್ಬಿಯ ಕಣ್ಣಿಗೆ ಬಿತ್ತು. ಮ್ಯಾಕ್‌ಆರ್ಥರ್‌ನ ಮಗ ರಾಡ್ ಇದರ ಬೆನ್ನು ಹತ್ತಿದ. ಅಪ್ಪನಿಗೂ ಅವನಿಗೂ ಅಷ್ಟಕ್ಕಷ್ಟೇ. ಉಳಿದ ಟ್ರಸ್ಟಿಗಳ ಜೊತೆಗೂ ಜಗಳ, 1984ರಲ್ಲಿ ಅವರ ಮೇಲೆ ಕೇಸೇ ಹಾಕಿದ. ಆದರೆ ಫೆಲೋಶಿಪ್ 1981ರಲ್ಲೇ ಶುರುವಾಗಿತ್ತು. ಎರಡೇ ವರ್ಷಕ್ಕೆ ಷಿಕಾಗೋದಲ್ಲೇ ಪಾಠ ಮಾಡುತ್ತಿದ್ದ ರಾಮಾನುಜನ್ ಅವರಿಗೂ ಸಿಕ್ಕಿತು.

ಹಾಗಾಗಿ ನಿಮ್ಮ ಮೆಚ್ಚುಗೆಯನ್ನು ಹಂಚಿಬಿಡಿ. ದುಡ್ಡಿಗೆ ಮ್ಯಾಕ್‌ಆರ್ಥರ್ ದಂಪತಿಯನ್ನು ನೆನೆಯಿರಿ. ದಾನದ ರೀತಿಗೆ ಒಬ್ಬ ವಕೀಲ, ಒಬ್ಬ ಡಾಕ್ಟರ್ ಮತ್ತು ಒಬ್ಬ ಜಗಳಗಂಟ ಮಗನನ್ನು.

ಪ್ರಶ್ನೆ: ಆ ವಿಮಾ ಕಂಪನಿ ಈಗಲೂ ಪ್ರತಿಷ್ಠಾನದ ಕೈಯಲ್ಲೇ ಇದೆಯಾ?

ಉತ್ತರ: ಇಲ್ಲ. ಖಾಸಗಿ ದತ್ತಿ ಸಂಸ್ಥೆ ಒಂದು ಕಂಪನಿಯನ್ನು ಪೂರ್ತಿ ತನ್ನದಾಗಿ ಇಟ್ಟುಕೊಳ್ಳದಂತೆ 1969ರ ತೆರಿಗೆ ಕಾನೂನು ಸಾಮಾನ್ಯವಾಗಿ ತಡೆಯುತ್ತದೆ. ಹಾಗಾಗಿ 1984ರಲ್ಲಿ ಮಾರಿದರು. ಇಂಥ ಸಂಸ್ಥೆಗಳು ಪ್ರತಿ ವರ್ಷ ತಮ್ಮ ಹೂಡಿಕೆಯ ಸುಮಾರು ಶೇ 5ರಷ್ಟನ್ನು ಹಂಚಲೇಬೇಕು ಅನ್ನೋ ನಿಯಮವೂ ಇದೆ. ಗಂಟು ಕಟ್ಟಿ ಕೂರುವಂತಿಲ್ಲ.

ಪ್ರಶ್ನೆ: ನನ್ನ ಮಗಳು ಅಮೆರಿಕದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಈ ಫೆಲೋಶಿಪ್‌ಗೆ ಅರ್ಜಿ ಹಾಕೋದು ಹೇಗೆ?

ಉತ್ತರ: ಅರ್ಜಿ ಹಾಕುವ ಹಾಗೇ ಇಲ್ಲ. ಗುಟ್ಟಾಗಿ ಆರಿಸಿದ ಕೆಲವರು ಹೆಸರು ಸೂಚಿಸುತ್ತಾರೆ, ಇನ್ನೊಂದು ಸಮಿತಿ ಗುಟ್ಟಾಗಿಯೇ ತೂಗಿ ನೋಡುತ್ತದೆ. ಅಮೆರಿಕದ ನಿವಾಸಿ ಅಥವಾ ಪ್ರಜೆ ಆಗಿರಬೇಕು. ವರ್ಷಕ್ಕೆ 20ರಿಂದ 30 ಜನಕ್ಕೆ ಸಿಗುತ್ತದೆ. ಈಗಿನ ಮೊತ್ತ 8 ಲಕ್ಷ ಡಾಲರ್, ಐದು ವರ್ಷಗಳಲ್ಲಿ ಹಂಚಿ ಕೊಡುತ್ತಾರೆ. ಹೇಗೆ ಖರ್ಚು ಮಾಡಿದೆ ಅಂತ ಯಾರೂ ಕೇಳೋದಿಲ್ಲ. ತನ್ನ ಹೆಸರು ಪಟ್ಟಿಯಲ್ಲಿತ್ತು ಅನ್ನೋದು ಆಯ್ಕೆಯಾದವರಿಗೇ ಗೊತ್ತಾಗೋದು ಫೋನ್ ಬಂದಾಗ. ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ಕಟ್ ಮಾಡಬೇಡ ಅಂತ ಮಗಳಿಗೆ ಹೇಳಿಡಿ.